ನಾನೇ ಮಾಡಿದ ಟೈಮಿಂಗ್

ಚಹಾ ಕುಡಿಯುತ್ತ ಕೂತಿರಿ ಎಂದರೆ ಯಾರಾದರೂ ಸಿಟ್ಟಾಗುತ್ತಾರೆಯೇ ಎಂದು ನೀವು ಕೇಳಬಹುದು. ನಾನು ಆಗಿದ್ದೇನೆ. ಎಪ್ಪತ್ತಾರನೆಯ ಇಸವಿಯಲ್ಲಿ, ಇಳಕಲ್ಲಿನ ನಮ್ಮ ಮನೆಯ ಅಂಗಳದಲ್ಲಿ, ಮಿಸ್ತ್ರಿ ಅಮೀನಸಾಬ ನನ್ನದೇ ಲಾರಿಯ ಎಂಜಿನ್ನಿನೊಳಗೆ ತಲೆ ಹಾಕಿಕೊಂಡು, ನನ್ನ ಹೆಂಡತಿಯ ಎದುರಿಗೇ, "ಸಾವ್ಕಾರ್ರ, ನೀವು ಚಹಾ ಕುಡಕೋತ ಕುಂಡ್ರಿ. ಇದ್ರಾಗ ಕೈ ಹಾಕಬ್ಯಾಡ್ರಿ" ಅಂದುಬಿಟ್ಟ. ಹೆಂಡತಿ ಗುರುಲಿಂಗವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಆ ನಗು ನನ್ನ ಎದೆಯಲ್ಲಿ ಉಳಿಯಿತು.

ಲಾರಿಯ ಬಗ್ಗೆ ಎರಡು ಮಾತು. ಮಿಲಿಟರಿಯವರು ಹರಾಜು ಹಾಕಿದ ಹಳೆಯ ಪೆಟ್ರೋಲ್ ಗಾಡಿ ಅದು. ಮುಂದೆ ಹ್ಯಾಂಡಲ್ ಹಾಕಿ ತಿರುಗಿಸಿದರೆ ಚಾಲೂ ಆಗುತ್ತಿತ್ತು (ಅದಕ್ಕೆ ಮನಸ್ಸಿದ್ದರೆ). ಆ ಬೇಸಿಗೆಯಲ್ಲಿ ಅದಕ್ಕೆ ಮನಸ್ಸೇ ಇರಲಿಲ್ಲ. ಸಣ್ಣ ಏರು ಬಂದರೂ ಏದುಸಿರು ಬಿಡುವುದು, ಇಳಿಜಾರಿನಲ್ಲಿ ಢಮ್ಮೆಂದು ಗುಂಡು ಹಾರಿಸುವುದು. ಓಣಿಯಲ್ಲಿ ಅದು ಗುಂಡು ಹಾರಿಸಿದ ದಿನ ನೆರೆಮನೆಯ ಎಮ್ಮೆ ಹಾಲು ಕೊಡುತ್ತಿರಲಿಲ್ಲ.

ಇಂಥ ಹೊತ್ತಿನಲ್ಲೇ ಗುರುಲಿಂಗವ್ವನ ತಮ್ಮನ ಮದುವೆ ಬಂತು. ಹುಡುಗಿ ಇಳಕಲ್ಲಿನವಳು, ಮದುವೆ ಕೂಡಲಸಂಗಮದಲ್ಲಿ. ಶಿರೂರಿನಿಂದ ಬಂದ ಮಾವ ಹೊಳಬಸಪ್ಪನವರು, "ಅಳಿಯಾರ, ಮದುಮಗಳು, ಬೀಗರು ಎಲ್ಲಾರೂ ನಿಮ್ಮ ಲಾರ್ಯಾಗ ಬರ್ಬೇಕು" ಎಂದು ನನಗೇ ಒಪ್ಪಿಸಿ ಹೋದರು. ಅಂದರೆ ಸೋಮವಾರ ಬೆಳಿಗ್ಗೆ ನಮ್ಮ ಲಾರಿ ಹೊರಡದಿದ್ದರೆ ಅಲ್ಲಿ ಮದುಮಗ ಇರುತ್ತಾನೆ, ಮದುಮಗಳು ಇರುವುದಿಲ್ಲ. ನನ್ನ ಮರ್ಯಾದೆಯಂತೂ ಸಂಗಮದ ನೀರಿನಲ್ಲಿ ತೇಲಿಹೋಗುತ್ತದೆ.

"ಅಮೀನಸಾಬಣ್ಣನ್ನ ಕರೀರಿ," ಅಂದಳು ಹೆಂಡತಿ.

"ಬ್ಯಾಡ. ಟೈಮಿಂಗ್ ತಪ್ಪೇತಿ, ಅಷ್ಟ. ನಾನ ಮಾಡ್ತೇನಿ. ಅವಾ ಮಾಡೂದನ್ನ ಹನ್ನೊಂದು ಸಲ ಬಾಜೂಕ ನಿಂತು ನೋಡೇನಿ."

"ನಾ ರೊಟ್ಟಿ ಬಡಿಯೂದನ್ನ ಹದಿನೆಂಟು ವರ್ಷದಿಂದ ನೋಡೀರಿ. ಒಂದ ರೊಟ್ಟಿ ಬಡದು ತೋರಸ್ರಿ ನೋಡೂನು."

(ರೊಟ್ಟಿಯ ಮಾತು ಯಾವ ಯಂತ್ರಶಾಸ್ತ್ರದಲ್ಲೂ ಬರುವುದಿಲ್ಲ.)

ಟೈಮಿಂಗ್ ಅಂದರೆ ಏನೋ ಎಂದು ಗಾಬರಿಯಾಗಬೇಡಿ. ಎಂಜಿನ್ನಿನೊಳಗೆ ಪೆಟ್ರೋಲಿಗೆ ಕಿಡಿ ಸರಿಯಾದ ಗಳಿಗೆಗೆ ಬೀಳಬೇಕು, ಅಷ್ಟೆ. ಸಂಸಾರಸ್ಥರಿಗೆ ಇದು ಬೇಗ ತಿಳಿಯುತ್ತದೆ. ಹೆಂಡತಿ ಮಾತು ಮುಗಿಸುವ ಮೊದಲೇ ಉತ್ತರ ಕೊಟ್ಟರೆ ಹ್ಯಾಂಡಲ್ ತಿರುಗಿ ಒದೆಯುತ್ತದೆ. ತಡಮಾಡಿ ಕೊಟ್ಟರೆ ಬರೀ ಹೊಗೆ. ಎಂಜಿನ್ನಿನ ಮುಂಭಾಗದಲ್ಲಿ ತಿರುಗುವ ಗಾಲಿಯ, ಅಂದರೆ ಪುಲ್ಲಿಯ, ಮೇಲೆ ಒಂದು ಗೆರೆ ಇರುತ್ತದೆ, ಅದರ ಎದುರಿಗೆ ಒಂದು ಮುಳ್ಳು. ಗೆರೆಯನ್ನು ಮುಳ್ಳಿಗೆ ತಂದು ನಿಲ್ಲಿಸಿ, ಆಗಲೇ ಕಿಡಿ ಹಾರುವಂತೆ, ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನು ತಿರುಗಿಸಿ ಬಿಗಿದರೆ ಮುಗಿಯಿತು.

ಭಾನುವಾರ ಬೆಳಿಗ್ಗೆ ಲಾರಿಯ ಮುಂದಿನ ಜಾಳಿಗೆ ಬಿಚ್ಚಿ, ಕೊರಳವರೆಗೂ ಮಸಿ ಬಳಿದುಕೊಂಡು, ಪುಲ್ಲಿಯ ಮೇಲೆ ಆ ಗೆರೆಯನ್ನು ಪತ್ತೆ ಹಚ್ಚಿದೆ. ಚೆನ್ನಾಗಿ ಕಾಣಲೆಂದು ಎಲೆ-ಅಡಿಕೆ ಚೀಲದಿಂದ ಸುಣ್ಣ ತೆಗೆದು ಅದರ ಮೇಲೆ ಹಚ್ಚಿದೆ. ಅರ್ಧ ಕೆಲಸ ಆಯಿತೆಂಬ ಸಂತೋಷಕ್ಕೆ ನಾಲ್ಕು ರೊಟ್ಟಿ ಹೆಚ್ಚು ಉಂಡು, ಪಡಸಾಲೆಯಲ್ಲಿ ಒಂದು ಗಳಿಗೆ ಅಡ್ಡಾದೆ. ಆ ಗಳಿಗೆ ಸಂಜೆ ನಾಲ್ಕರವರೆಗೆ ನಡೆಯಿತು.

ಎದ್ದು ಬಂದು ನೋಡಿದರೆ ಗುರುಲಿಂಗವ್ವ ಲಾರಿಯ ಪೂಜೆ ಮುಗಿಸಿದ್ದಳು. ಬಾನೆಟ್ಟಿಗೆ ವಿಭೂತಿ (ನಮ್ಮ ಕಡೆ ಈಬತ್ತಿ), ಗಾಲಿಗಳಿಗೆ ವಿಭೂತಿ, ಸ್ಟೇರಿಂಗಿಗೆ ಹೂವಿನ ಸರ. ಅವಳ ಭಕ್ತಿ ಅವಳಿಗೆ, ನನ್ನ ವಿಜ್ಞಾನ ನನಗೆ. ಹ್ಯಾಂಡಲ್ ತಿರುಗಿಸುತ್ತ ಪುಲ್ಲಿಯ ಮೇಲಿನ ಬಿಳಿ ಗೆರೆಯನ್ನು ಮುಳ್ಳಿಗೆ ತಂದೆ. ಕಿಡಿಯ ಗಳಿಗೆ ತಿಳಿಯಲು ಡಿಸ್ಟ್ರಿಬ್ಯೂಟರಿನ ತಂತಿಗೆ ಸಣ್ಣ ಬಲ್ಬು ಹಿಡಿದು, ಅದು ಹತ್ತುವ ಜಾಗ ನೋಡಿ ಬಿಗಿದೆ. ಮನಸ್ಸಿನಲ್ಲೇ ಕೂಡಲಸಂಗಯ್ಯನಿಗೆ ಕೈಮುಗಿದು (ವಿಜ್ಞಾನದವರೂ ಮುಗಿಯಬಹುದು) ಹ್ಯಾಂಡಲ್ ಎಳೆದೆ.

ಒಂದೇ ಎಳೆತಕ್ಕೆ ಚಾಲೂ! ಹೊಗೆಯಿಲ್ಲ, ಗುಂಡಿಲ್ಲ. ಎಮ್ಮೆ ಕೂಡ ಮೆಲುಕು ನಿಲ್ಲಿಸಲಿಲ್ಲ. ನಾನು ಗುರುಲಿಂಗವ್ವನ ಕಡೆ ಎಂಥ ನೋಟ ಬೀರಿದೆನೆಂದರೆ, ಯುದ್ಧ ಗೆದ್ದ ಚಕ್ರವರ್ತಿಗಳೂ ಅಷ್ಟು ಸೊಕ್ಕಿನಿಂದ ನೋಡಿರಲಾರರು.

ಸೋಮವಾರ ನಲವತ್ತು ಮಂದಿ ಬೀಗರನ್ನೂ ಮದುಮಗಳನ್ನೂ ಹೊತ್ತು ಲಾರಿ ಹುನಗುಂದ ದಾಟಿ ಹಾರಿತು. ಮದುವೆಗೆ ಕರೆದಿದ್ದರಿಂದ ಅಮೀನಸಾಬನೂ ನನ್ನ ಪಕ್ಕದಲ್ಲೇ ಕೂತಿದ್ದ. ದಾರಿಯುದ್ದಕ್ಕೂ ಅವನ ಕಿವಿಯೆಲ್ಲ ಎಂಜಿನ್ನಿನ ಕಡೆ. ಸಂಗಮ ತಲುಪಿದಾಗ ಹುಗ್ಗಿ ಇನ್ನೂ ಒಲೆಯ ಮೇಲೇ ಇತ್ತು, ಅಷ್ಟು ಬೇಗ! ಮದುಮಕ್ಕಳ ತಲೆಗೆ ಅಕ್ಕಿಕಾಳು ಬಿದ್ದ ಮೇಲೆ ಮಾವ ಖುಷಿಯಿಂದ ನನಗೆ ರುಮಾಲು ಸುತ್ತಿದರು. ನಾನು ಹತ್ತಿಪ್ಪತ್ತು ಜನರನ್ನು ಲಾರಿಯ ಮುಂದೆ ನಿಲ್ಲಿಸಿಕೊಂಡು ಟೈಮಿಂಗ್ ಕುರಿತು ಉಪನ್ಯಾಸ ಆರಂಭಿಸಿದೆ.

ಅಮೀನಸಾಬ ನಡುವೆ ಬಾಯಿ ಹಾಕಿದ. "ಸಾವ್ಕಾರ್ರ, ಖರೆ ಹೇಳ್ರಿ. ಇದನ್ನ ಹ್ಯಾಂಗ ಮಾಡಿದ್ರಿ?"

"ಹ್ಯಾಂಗಂದ್ರ? ಪುಲ್ಲಿಮ್ಯಾಗಿನ ಗೆರಿಗೆ ಸರಿಯಾಗಿ ಹಿಡದು."

"ಅದು ಆಗೂದಿಲ್ಲರಿ. ಆ ಪುಲ್ಲಿ ಬ್ಯಾರೆ ಎಂಜಿನ್ನಿಂದು, ಹ್ವಾದ ವರ್ಷ ನಾನ ತಂದು ಹಾಕೀನಿ. ಅದರ ಗೆರಿ ಸುಳ್ಳು. ನಾ ಅದನ್ನ ನೋಡೂದ ಇಲ್ಲ, ಕಿವಿಲೆ ಕೇಳಿ ಮಾಡ್ತೇನಿ. ಆ ಗೆರಿಗೆ ಹಿಡದಿದ್ರ ಹ್ಯಾಂಡಲ್ ಒದ್ದು ನಿಮ್ಮ ಮುಂಗೈ ಮುರೀತಿತ್ತು."

ಅವನು ಬಗ್ಗಿ, ಜಾಳಿಗೆಯೊಳಗೆ ಬೆರಳು ತೂರಿಸಿ, ಪುಲ್ಲಿ ಸವರಿ, ಬೆರಳು ಮೂಸಿ ನೋಡಿದ. "ಆ ಸುಳ್ಳು ಗೆರಿ ಇಲ್ಲೈತಿ. ಅದಕ್ಕ ಸುಣ್ಣ ಇಲ್ಲ. ಒಂದ ಬೆರಳು ಈಚಿಗೆ, ಸರಿಯಾದ ಜಾಗಾದಾಗ ಬೆಳ್ಳಗಿರೂದು... ಇದು ಈಬತ್ತಿ!"

ಎಲ್ಲರೂ ಗುರುಲಿಂಗವ್ವನ ಕಡೆ ತಿರುಗಿದರು.

"ನಾನ ಹಚ್ಚೀನ್ರಿ ಅಣ್ಣಾ," ಅಂದಳು ಅವಳು ತಣ್ಣಗೆ. "ಇವ್ರು ಸುಣ್ಣ ಬಡದು ಹೊಲಸು ಮಾಡಿದ್ರು, ಅರಿವಿಲೆ ಒರಸಿದೆ. ಇಷ್ಟ ವರ್ಷ ಒಳಗಿನ ಆ ಗಾಲಿಗೆ ಯಾರೂ ಪೂಜಿ ಮಾಡಿದ್ದಿಲ್ಲ, ಪಾಪ, ಅಂತ ಒಂದ ಗೆರಿ ಎಳದೆ."

ನಲವತ್ತು ಮಂದಿ ಬೀಗರು ನಕ್ಕ ಸದ್ದು ಹೊಳೆಯ ಆಚೆ ದಡಕ್ಕೂ ಕೇಳಿರಬೇಕು. ಮಾವ ರುಮಾಲನ್ನು ವಾಪಸು ಕೇಳಲಿಲ್ಲ, ದೊಡ್ಡ ಮನಸ್ಸು. ಆದರೆ ಮಗಳಿಗೆ ಅಲ್ಲೇ ಒಂದು ಸೀರೆ ಕೊಟ್ಟು ಆಯೇರಿ ಮಾಡಿದರು. ನಾನು ಮುಖ ಹುಳ್ಳಗೆ ಮಾಡಿಕೊಂಡು ನಿಂತಿದ್ದರೂ, ತಮ್ಮನ ಮದುವೆ ಸಾಂಗವಾಯಿತೆಂದು ಅವಳ ಕಣ್ಣು ತುಂಬಿದ್ದನ್ನು ನೋಡಿ ನನಗೆ ಒಳಗೊಳಗೇ ಹಿತವೆನಿಸಿತು. ಮುಂಗೈ ಉಳಿದದ್ದೂ ಅವಳಿಂದಲೇ ತಾನೇ.

ಮರುದಿನ ಅಮೀನಸಾಬ ಉಳಿ ತಂದು, ವಿಭೂತಿಯಿದ್ದ ಜಾಗದಲ್ಲೇ ಪುಲ್ಲಿಗೆ ಕಾಯಂ ಗೆರೆ ಕೊರೆದ. ಈಗ ಲಾರಿ ಸ್ವಲ್ಪ ಕೆಮ್ಮಿದರೂ ಬಾಗಿಲಲ್ಲಿ ನಿಂತು, "ಅಕ್ಕಾರ ಅದಾರೇನ್ರಿ?" ಎಂದು ಕೇಳುತ್ತಾನೆ. ಇಬ್ಬರೂ ಎಂಜಿನ್ನಿನೊಳಗೆ ತಲೆ ಹಾಕುತ್ತಾರೆ. ಅವಳು ಕಿವಿಗೊಟ್ಟು ಕೇಳಿ, "ಅಣ್ಣಾ, ಇನ್ನ ಸ್ವಲ್ಪ ಹಿಂದಕ್ಕ" ಅನ್ನುತ್ತಾಳೆ.

ಚಹಾ ಕುಡಿಯುತ್ತ ಕೂತಿರಿ ಎಂದು ನನಗೀಗ ಯಾರೂ ಹೇಳುವುದಿಲ್ಲ. ಅವರಿಬ್ಬರಿಗೂ ಚಹಾ ಮಾಡಿಕೊಡುವವನು ನಾನೇ.