ಬ್ಲಾಕ್ ಹದಿನಾಲ್ಕರ ಐವತ್ತು ಪರ್ಸೆಂಟ್

ಹೆಂಡತಿ: ಆ 'ಇಲ್ಲ' ಯಾರದು ಅಂತ ಹೇಳಿದ ಮೇಲೇ ನಾನು ಈ ಕುರ್ಚಿ ಬಿಟ್ಟು ಏಳೋದು!

ಗುಮಾಸ್ತ: ಅದು ನನ್ನ ಕುರ್ಚಿ ಅಮ್ಮಾ.

(ಸಮೀಕ್ಷೆ ಕಚೇರಿ. ಮಧ್ಯಾಹ್ನ ಅಚ್ಚಿಗೆ ಹೋಗಬೇಕಾದ ವರದಿ ರೈಲ್ವೆ ಗೇಟಿನವನ ಹೆಂಡತಿಯ ಕೈಯಲ್ಲಿದೆ. ಗಂಡ ಓಡಿಹೋಗಲು ಅನುಕೂಲವಾಗುವಂತೆ ಬಾಗಿಲ ಹತ್ತಿರ ನಿಂತಿದ್ದಾನೆ.)

ಹೆಂಡತಿ: 'ಬ್ಲಾಕ್ ಹದಿನಾಲ್ಕು. ದಾಂಪತ್ಯದಲ್ಲಿ ತೃಪ್ತಿ: ಹೌದು, ಶೇಕಡಾ ಐವತ್ತು. ಇಲ್ಲ, ಶೇಕಡಾ ಐವತ್ತು.' ಯಾರ್ರೀ ಇದು?

ಗುಮಾಸ್ತ: ಗುಟ್ಟು. ನಾವು ಹೆಸರು ಹೇಳಲ್ಲ, ಬರೀ ಬ್ಲಾಕ್ ಲೆಕ್ಕ. ಈ ಕಡೆ ಕಾಲುವೆ, ಆ ಕಡೆ ರೈಲು ಕಂಬಿ, ಹಿಂದೆ ಕಾರ್ಖಾನೆ ಗೋಡೆ. ಅದರೊಳಗೆ ಯಾರೋ ಹೇಳಿದ್ದು.

ಹೆಂಡತಿ: ಅದರೊಳಗೆ ಎಷ್ಟು ಮನೆ?

ಗುಮಾಸ್ತ: (ನಕ್ಷೆ ಸವರಿ) ಒಂದು.

ಹೆಂಡತಿ: ಎಷ್ಟು ಜನ?

ಗುಮಾಸ್ತ: ಇಬ್ಬರು. ಆದರೂ ಗುಟ್ಟು ಗುಟ್ಟೇ!

ಹೆಂಡತಿ: ರೀ, ಇಪ್ಪತ್ತೆರಡು ವರ್ಷ ನಿಮ್ಮ ಹಸಿರು ಬಾವುಟ ಒಗೆದಿದ್ದಕ್ಕೆ ಇದಾ? (ಕಣ್ಣು ತುಂಬಿ ಬಂತು.)

ಗಂಡ: ನಾನಲ್ಲ ಕಣೇ!

ಹೆಂಡತಿ: ಮತ್ತೆ ನಮ್ಮ ನಾಯೀನಾ?

ಗುಮಾಸ್ತ: ನಕ್ಷೆಯಲ್ಲಿ ನಿಮ್ಮ ಬ್ಲಾಕಿನ ಗೆರೆ ಅಳಿಸಿ ಪಕ್ಕದ ಬ್ಲಾಕಿಗೆ ಸೇರಿಸಿಬಿಡ್ತೀನಮ್ಮಾ. ಮುನ್ನೂರು ಜನರಲ್ಲಿ ಯಾರಿಗೂ ಗೊತ್ತಾಗಲ್ಲ.

ಹೆಂಡತಿ: ಗೆರೆ ಮುಟ್ಟಿದ್ರೆ ನೋಡಿ! ಇವರ ಬಣ್ಣ ಊರಿಗೆಲ್ಲ ಗೊತ್ತಾಗಲಿ.

ಗುಮಾಸ್ತ: (ಅವಳ ಕೈಯಲ್ಲಿದ್ದ ವರದಿಯ ಹಾಳೆ ತಿರುವಿ) ಹಾಗಾದ್ರೆ ಮುಂದಿನ ಪುಟಾನೂ ಅಚ್ಚಿಗೆ ಹೋಗಲಿ. 'ಗಂಡಸರು: ಹೌದು, ನೂರಕ್ಕೆ ನೂರು. ಹೆಂಗಸರು: ಇಲ್ಲ, ನೂರಕ್ಕೆ ನೂರು.'

(ಓದಿಯಾದ ಮೇಲೆ ನಾಲಿಗೆ ಕಚ್ಚಿಕೊಂಡ.)

ಹೆಂಡತಿ: ನಾನಾ? ನನ್ನನ್ನ ಯಾರೂ ಹಾಗೆ ಕೇಳೇ ಇಲ್ಲ!

ಗುಮಾಸ್ತ: ಗಂಡ ಹೆಂಡತಿ ವಿಷಯ ಅಂದ್ರೆ ಜನ ನಾಚಿಕೊಳ್ತಾರೆ. ಅದಕ್ಕೆ ಗಂಡ, ಹೆಂಡತಿ ಅನ್ನೋ ಪದ ಬಿಟ್ಟು 'ಹಾಲಿ ಸದಸ್ಯರನ್ನು ಮತ್ತೆ ಆರಿಸ್ತೀರಾ' ಅಂತ ಕೇಳಿಸಿದ್ವಿ.

ಹೆಂಡತಿ: ಅಯ್ಯೋ! ನಾನು ವಾರ್ಡ್ ಮೆಂಬರ್ ಅಂದ್ಕೊಂಡೆ! ಮೋರಿ ರಿಪೇರಿ ಮಾಡಿಸದೋನನ್ನ ಇನ್ನೊಂದು ಸಲ ಯಾರು ಆರಿಸ್ತಾರೆ ಅಂದೆ. ತಿದ್ದಿ ಸಾರ್!

ಗುಮಾಸ್ತ: ಉತ್ತರ ತಿದ್ದೋ ಹಾಗಿಲ್ಲ. ಗೆರೆ ಬೇಕಾದ್ರೆ ಅಳಿಸಬಹುದು.

ಹೆಂಡತಿ: (ದಡಕ್ಕನೆ ಎದ್ದು, ಮೇಜಿನ ಮೇಲಿದ್ದ ರಬ್ಬರ್ ಕೊಡುತ್ತ) ಅಳಿಸಿ, ಬೇಗ!

(ಗಂಡ ಬಾಗಿಲು ಬಿಟ್ಟು ಬಂದು, ಖಾಲಿಯಾದ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತ.)

ಗಂಡ: ಗೆರೆ ಅಲ್ಲೇ ಇರಲಿ ಸಾರ್. ಮದುವೆಯಾದ ಮೇಲೆ ಇದೇ ಮೊದಲು, ತಪ್ಪು ನಂದಲ್ಲ ಅಂತ ಅಚ್ಚಾಗ್ತಿರೋದು. ಹತ್ತು ಪ್ರತಿ ನನಗೇ ಬೇಕು.

ಹೆಂಡತಿ: (ಹುಬ್ಬು ಗಂಟಿಕ್ಕಿ) ಅಲ್ಲಾ ರೀ, ನಿಮಗೂ ಅದೇ ಪ್ರಶ್ನೆ ತಾನೇ ಕೇಳಿದ್ದು? ನೀವು ಹೌದು ಅಂದಿದ್ದು ನನಗಾ, ಆ ಮೆಂಬರ್‌ಗಾ?

(ಗಂಡ ಕುರ್ಚಿಯಿಂದ ಮೆಲ್ಲಗೆ ಎದ್ದ.)

ಗಂಡ: ಸಾರ್, ಆ ರಬ್ಬರ್ ಎಲ್ಲಿಟ್ರಿ?