ಕೆಂಪು ಕಾರಿಗೆ ಎರಡು ಲಕ್ಷ ಬಿಡಿಸಿದ್ದು

ಮನಸ್ಸಿಗೆ ಹಿಡಿಸಿದ್ದನ್ನು ಕಂಡಾಗ ಮುಖ ಸಿಂಡರಿಸುವುದು ಒಂದು ವಿದ್ಯೆ. ಎಲ್ಲರಿಗೂ ಬರುವುದಿಲ್ಲ. ಗುಡಗೇರಿಯಲ್ಲಿ ನನ್ನಷ್ಟು ಚೆನ್ನಾಗಿ ಇನ್ನಾರಿಗೂ ಬರುವುದಿಲ್ಲ ಎಂಬುದನ್ನು ನಾನೇ ಹೇಳಿಕೊಳ್ಳಬೇಕಾಗಿದೆ. ಬೇರೆಯವರು ಹೇಳಲಿ ಎಂದು ಎಪ್ಪತ್ತೊಂದು ವರ್ಷ ಕಾದೆ, ಯಾರೂ ಬಾಯಿ ಬಿಡಲಿಲ್ಲ. ನಲವತ್ತು ವರ್ಷ ಮೆಣಸಿನಕಾಯಿ, ಕಡಲೆ, ಹೆಸರು ವ್ಯಾಪಾರ ಮಾಡಿದವನು ನಾನು. ಮಾಲು ಎಷ್ಟು ಚಲೋ ಇರುತ್ತದೋ ನನ್ನ ಮುಖ ಅಷ್ಟು ಕೆಡುತ್ತಿತ್ತು. ನನ್ನ ಮುಖ ನೋಡಿ ಮಾಲಿನ ಒಡೆಯನಿಗೇ ತನ್ನ ಮಾಲಿನ ಮೇಲೆ ಸಂಶಯ ಬರುತ್ತಿತ್ತು.

ಈ ವಿದ್ಯೆಯ ಗುರು ನನ್ನ ಗೆಳೆಯ ಮೌಲಾಸಾಬ. ದನದ ಸಂತೆಯಲ್ಲಿ ದಲಾಲಿ ಮಾಡುತ್ತಲೇ ಗಡ್ಡ ಬೆಳ್ಳಗಾದವನು. ಅವನ ಪದ್ಧತಿ ಸರಳ. ಯಾವ ಎತ್ತು ಮನಸ್ಸಿಗೆ ಬಂದಿದೆಯೋ ಅದರ ಮುಂದೆ ನಿಂತು ನಾಲ್ಕು ಮಂದಿಗೆ ಕೇಳುವಂತೆ ಹುಳುಕು ತೆಗೆಯಬೇಕು. ಕಾಲು ಸೊಟ್ಟ, ಕಣ್ಣು ಮಬ್ಬು, ಇದು ನೇಗಿಲು ಕಂಡರೆ ಮಲಗುವ ಜಾತಿ ಎನ್ನಬೇಕು. ಉಳಿದ ಗಿರಾಕಿಗಳು ಮೆಲ್ಲಗೆ ಜಾರುತ್ತಾರೆ. ಆಗ ಒಡೆಯನ ಕೈ ಹಿಡಿದು, ಮೇಲೆ ಟವೆಲ್ ಮುಚ್ಚಿ, ಬೆರಳು ಒತ್ತಿ ಬೆಲೆ ಇಳಿಸಬೇಕು.

ಇಂಥ ನಾನು ಹೋದ ವರ್ಷ ಹುಬ್ಬಳ್ಳಿಯಲ್ಲಿ ಒಂದು ಕಾರು ನೋಡಿ ಬಾಯಿ ತೆರೆದು ನಿಂತುಬಿಟ್ಟೆ. ಹೆಂಡತಿ ಶಾಂತವ್ವ ಸೀರೆ ಅಂಗಡಿಯಿಂದ ಹೊರಬಂದಾಗ ನಾನು ಬಾಜೂಕಿನ ಶೋರೂಮಿನ ಗಾಜಿಗೆ ಮೂಗು ಹಚ್ಚಿದ್ದೆ. ಒಳಗೆ ಕೆಂಪು ಸ್ಪೋರ್ಟ್ಸ್ ಕಾರು. ಎರಡೇ ಬಾಗಿಲು, ನೆಲಕ್ಕೆ ಹತ್ತಿದ ಹೊಟ್ಟೆ, ಈಗಲೇ ಹಾಯುತ್ತೇನೆ ಎನ್ನುವ ಮುಖ. ಜೀವನವೆಲ್ಲ ಲಾರಿ ಮತ್ತು ಜೀಪು ಹೊಡೆದವನಿಗೆ ಎದೆ ಹಾಗೆ ಬಡಿದುಕೊಂಡದ್ದು ಅದೇ ಮೊದಲು. ಈ ಮಾತನ್ನು ಶಾಂತವ್ವನ ಮುಂದೆ ಹೇಳಬಾರದಿತ್ತು, ಹೇಳಿದೆ.

"ನಮ್ಮ ಎರಿ ಹೊಲದ ದಾರಿಯಾಗ ಅದು ಕಪ್ಪಿ ಹಂಗ ಕೆಸರಾಗ ಕುಂದ್ರತೈತಿ," ಎಂದಳು ಆಕೆ.

ಆಗ ಆ ಕಾರಿಗೆ ಎಂಥ ಬೇಡಿಕೆ ಅಂತೀರಿ! ರೊಕ್ಕ ಕೊಟ್ಟು ಆರು ತಿಂಗಳು ಕಾಯಬೇಕಿತ್ತು. ನಾನು ಹೆದರಲಿಲ್ಲ. ಸುಗ್ಗಿಯ ಮೊದಲ ದಿನದ ಧಾರಣೆ ಧಾರಣೆಯೇ ಅಲ್ಲ, ಆಮೇಲೆ ಇಳಿದೇ ಇಳಿಯುತ್ತದೆ ಎಂದು ನನಗೆ ಗೊತ್ತಿಲ್ಲವೇ? ಪ್ರತಿ ತಿಂಗಳು ಶೋರೂಮಿಗೆ ಫೋನು ಮಾಡುತ್ತಿದ್ದೆ. ನನ್ನ ಆಸೆ ತಿಳಿಯಬಾರದೆಂದು ಒಮ್ಮೆ ಡಾಕ್ಟರ್ ಎಂದೆ, ಒಮ್ಮೆ ಗುತ್ತಿಗೆದಾರ ಎಂದೆ. ಮ್ಯಾನೇಜರು ಪ್ರತಿ ಸಲವೂ "ಹೇಳ್ರಿ ಈರಪ್ಪಜ್ಜಾರ" ಎನ್ನುತ್ತಿದ್ದ. ಮೂರು ತಿಂಗಳಿಗೆ ಸೀಟಿನ ಕವರು ಪುಕ್ಕಟೆ ಆಯಿತು. ಮಳೆಗಾಲಕ್ಕೆ ಐವತ್ತು ಸಾವಿರ ಬಿಟ್ಟರು. ದೀಪಾವಳಿಗೆ ಒಂದು ಲಕ್ಷ. ವರ್ಷ ಮುಗಿಯುತ್ತ ಬಂದಂತೆ ಒಂದೂವರೆ ಲಕ್ಷ.

ಶಾಂತವ್ವ ಕಟ್ಟುನಿಟ್ಟಾಗಿ ಹೇಳಿದ್ದಳು: "ಎರಡು ಲಕ್ಷ ಬಿಟ್ಟರ ತಗೋರಿ. ಒಂದು ರೂಪಾಯಿ ಕಡಿಮಿ ಬಿಟ್ಟರೂ ಆ ಗಾಡಿ ಹೆಸರು ಎತ್ತಬ್ಯಾಡ್ರಿ." ನಾನು ಸುಮ್ಮನಿರದೆ, ಸ್ಟೇಷನ್ ಎದುರಿನ ಚಹಾದಂಗಡಿಯಲ್ಲಿ, ಎರಡು ಲಕ್ಷ ಬಿಡಿಸಿಯೇ ತರುತ್ತೇನೆ ಎಂದು ಊರಿಗೆಲ್ಲ ಕೇಳುವಂತೆ ಹೇಳಿಬಿಟ್ಟಿದ್ದೆ. ಉಳಿದದ್ದು ಅರ್ಧ ಲಕ್ಷದ ದಾರಿ. ಮೌಲಾಸಾಬನನ್ನು ಕರೆದುಕೊಂಡು ಒಂದು ಭಾನುವಾರ ಹುಬ್ಬಳ್ಳಿಗೆ ಹೊರಟೆ.

ಶೋರೂಮಿನಲ್ಲಿ ಐದಾರು ಗಿರಾಕಿಗಳು ಬೇರೆ ಬೇರೆ ಕಾರು ನೋಡುತ್ತಿದ್ದರು. ಕೆಂಪು ಕಾರಿನ ಹತ್ತಿರ ಹೊಸದಾಗಿ ಮದುವೆಯಾದ ಜೋಡಿ ಒಂದು ನಿಂತಿತ್ತು. ಇವರನ್ನು ಮೊದಲು ಸಾಗಹಾಕಬೇಕೆಂದು ಮೌಲಾಸಾಬ ಕಣ್ಣು ಹೊಡೆದ. ಕಾರಿನ ಸುತ್ತ ಒಂದು ಸುತ್ತು ಬಂದು, ಮುಂದಿನ ಬಂಪರನ್ನು ಎತ್ತಿನ ಹಲ್ಲು ನೋಡಿದಂತೆ ಬಗ್ಗಿ ನೋಡಿ, ಶುರು ಮಾಡಿದ.

"ಏನಲೇ ಈರ್ಯಾ, ಇದೇನು ಗಾಡಿ? ಹಿಂದಿನ ಸೀಟಿನಾಗ ಒಂದು ಮೇಕಿಮರಿ ಕುಂದ್ರಂಗಿಲ್ಲ!"

"ಮೇಕಿ ಬಿಡೋ, ಅತ್ತಿನ್ನ ಎಲ್ಲಿ ಕುಂದ್ರಸೋದು?" ಎಂದು ನಾನು ಎತ್ತರದ ದನಿಯಲ್ಲಿ ಕೇಳಿದೆ. "ಅತ್ತಿ ಬಂದ್ರ ಮನ್ಯಾಗ ಬಿಟ್ಟ ಹೋಗಬೇಕಾಗತೈತಿ!"

ಹುಡುಗಿ ಗಂಡನ ತೋಳು ಚಿವುಟಿದ್ದು ನನಗೇ ಕಂಡಿತು. "ಏನ್ರೀ, ಅತ್ತಿ ಕುಂದ್ರಾಕ ಬರಂಗಿಲ್ಲಂತ. ಇದನ್ನ ತಗೊಳ್ಳೂಣು," ಎಂದು ಪಿಸುಗುಟ್ಟಿದಳು. ಪಿಸುಗುಟ್ಟಿದ್ದು ಶೋರೂಮಿಗೆಲ್ಲ ಕೇಳಿತು.

ನಾವು ಎದೆಗುಂದಲಿಲ್ಲ. ಮೌಲಾಸಾಬ ದನಿ ಇನ್ನೂ ಏರಿಸಿದ. "ಸಭ್ಯಸ್ಥರ ಗಾಡಿ ಅಲ್ಲಪಾ ಇದು! ಸಪ್ಪಳ ಕೇಳು, ಮೂರು ಊರಿಗೆ ಕೇಳಸ್ತೈತಿ. ಹಿಂಗ ಕಾಲಿಟ್ರ ಹಂಗ ಹಾರತೈತಿ. ನಮ್ಮಂಥ ಮುದುಕರು ಹತ್ತಿದ್ರ ಎದಿ ಒಡದು ಸಾಯ್ತೀವಿ!" ಅತ್ತ ಅಂಗಿಯೊಳಗೆ ಹಿಡಿಸದಷ್ಟು ತೋಳು ಬೆಳೆಸಿದ್ದ ಒಬ್ಬಾತ, ಮನೆಮಂದಿಗಾಗಿ ನೋಡುತ್ತಿದ್ದ ಬಿಳಿ ಕಾರನ್ನು ಬಿಟ್ಟು ಇತ್ತ ಬಂದ. ಅವನ ಹಿಂದೆ ಇನ್ನೊಬ್ಬ. ಮುದುಕರು ಹತ್ತಿದರೆ ಸಾಯುವ ಗಾಡಿ ಎಲ್ಲಿ, ನೋಡೋಣ ಎಂದು ಎಲ್ಲರೂ ಬಂದರು. ನಾವು ಹುಳುಕು ತೆಗೆದಷ್ಟೂ ಗುಂಪು ಬೆಳೆಯಿತು. ಕೊನೆಗೆ ಮೌಲಾಸಾಬ ಮ್ಯಾನೇಜರನ ಕೈ ಹಿಡಿದು ಟವೆಲ್ ಮುಚ್ಚಿದ. ಮ್ಯಾನೇಜರು ಆ ಟವೆಲಿನಿಂದ ಹಣೆಯ ಬೆವರು ಒರೆಸಿಕೊಂಡು, ಮಡಿಚಿ ವಾಪಸು ಕೊಟ್ಟ.

"ಅಜ್ಜಾರ, ನಿಮ್ಮ ಉಪಕಾರ ಮರೆಯಂಗಿಲ್ರಿ. ಒಂದ ದಿನದಾಗ ಮೂರು ಬುಕಿಂಗ್ ಆದವು. ಡಿಸ್ಕೌಂಟು ಇವತ್ತಿಗೆ ಬಂದ್."

ದಾರಿಯಲ್ಲಿ ಮೌಲಾಸಾಬ ಒಂದೇ ಮಾತು ಆಡಿದ: "ಎತ್ತು ಕೊಳ್ಳೋ ಮಂದಿಗೆ ಬುದ್ಧಿ ಇರತೈತಿ ಬಿಡು."

ಮನೆಗೆ ಬಂದ ನನಗೆ ಮುಖ ಉಳಿಸಿಕೊಳ್ಳಬೇಕಿತ್ತು. ಊಟಕ್ಕೆ ಕೂತವನೇ ಕಾರನ್ನು ಬೈಯತೊಡಗಿದೆ. ಬಣ್ಣ ಚೆನ್ನಾಗಿಲ್ಲ, ಬಾಗಿಲು ಭಾರ, ಸೀಟು ಗಟ್ಟಿ, ಪುಕ್ಕಟೆ ಕೊಟ್ಟರೂ ಬೇಡ. ಶಾಂತವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಅಣ್ಣಿಗೇರಿಗೆ ನನ್ನ ನೋಡಾಕ ಬಂದಾಗೂ ಹಿಂಗ ಅಂದಿದ್ರಿ. ಹುಡುಗಿ ಗಿಡ್ಡ, ಮೂಗು ದಪ್ಪ, ದನಿ ದೊಡ್ಡದು ಅಂತ ಪಡಸಾಲ್ಯಾಗ ಕುಂತು ಅಂದಿದ್ದು ಬಾಗಲ ಹಿಂದ ನಿಂತು ಕೇಳೇನಿ. ಅಂದವರು ಮೂರು ಸಲ ಅವಲಕ್ಕಿ ಹಾಕಿಸ್ಕೊಂಡು, ಕತ್ತಲಾದ್ರೂ ಎದ್ದಿರಲಿಲ್ಲ."

ನಾನು ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.

"ನಾಳೆ ಹೋಗಿ ಪೂರಾ ರೊಕ್ಕಕ್ಕ ಬುಕ್ ಮಾಡ್ರಿ," ಎಂದಳು. "ಆದರ ಒಂದ ಮಾತು. ಊರಾಗ ಯಾರ ಮುಂದೂ ಬಡಾಯಿ ಕೊಚ್ಚಬ್ಯಾಡ್ರಿ."

ಮರುದಿನ ಬುಕ್ ಮಾಡಿದೆ. ನಮ್ಮ ಬೈಗುಳದ ಸುದ್ದಿ ಹಬ್ಬಿ, ಅಷ್ಟರಲ್ಲಿ ನನ್ನ ಮುಂದೆ ಎಂಟು ಮಂದಿ ಆಗಿದ್ದರು. ಎಂಟು ಮಂದಿಗೆ ಕೊಟ್ಟು ನನಗೆ ಕೊಡುವಷ್ಟರಲ್ಲಿ ನನ್ನ ಕಣ್ಣಿಗೆ ಕೆಂಪು ಯಾವುದು ಹಸಿರು ಯಾವುದು ತಿಳಿಯದಂತಾದರೆ ಏನು ಗತಿ? ಆಗ ನನ್ನ ತಲೆ ಮತ್ತೆ ಓಡಿತು. ಬೈದರೆ ಬೇಡಿಕೆ ಏರುವುದಾದರೆ, ಹೊಗಳಿದರೆ? ಪ್ರತಿ ಭಾನುವಾರ ನಾನೂ ಮೌಲಾಸಾಬನೂ ಶೋರೂಮಿಗೆ ಹೋಗಿ, ಆ ಕಾರನ್ನು ಬುಕ್ ಮಾಡಿದ, ಮಾಡಲು ಬಂದ ಹುಡುಗರ ಹೆಗಲ ಮೇಲೆ ಕೈ ಹಾಕತೊಡಗಿದೆವು.

"ಭಾಳ ಚಲೋ ಗಾಡಿ ತಮ್ಮಾ. ನಾನೂ ಇದನ್ನ ಬುಕ್ ಮಾಡೇನಿ. ಮೊಣಕಾಲ ಬ್ಯಾನಿಗೆ ಹೇಳಿ ಮಾಡಿಸಿದಂಗ ಐತಿ. ನಮ್ಮ ಪಿಂಚಣಿ ಮಂದಿ ಎಲ್ಲಾ ಇದನ್ನ ತಗೊಳ್ಳಾಕತ್ತಾರ."

"ಎಲಿ ಅಡಿಕಿ ಡಬ್ಬಿ ಇಡಾಕ ಜಾಗಾನೂ ಐತಿ," ಎನ್ನುತ್ತಿದ್ದ ಮೌಲಾಸಾಬ.

ಹುಡುಗರು ಸ್ಟೇರಿಂಗಿನಿಂದ ಕೈ ತೆಗೆಯುತ್ತಿದ್ದ ವೇಗ ನೋಡಬೇಕಿತ್ತು. ನಾಲ್ಕು ಭಾನುವಾರಗಳಲ್ಲಿ ಆರು ಬುಕಿಂಗ್ ರದ್ದಾದವು. ಹೊಸ ಗಿರಾಕಿ ಒಬ್ಬನೂ ಬರಲಿಲ್ಲ. ಅತ್ತೆಯನ್ನು ಬಿಟ್ಟು ಹೋಗಬೇಕೆಂದಿದ್ದ ಆ ಹುಡುಗಿ ಮಾತ್ರ ಯಾವ ಹೊಗಳಿಕೆಗೂ ಜಗ್ಗಲಿಲ್ಲ. ಐದನೆಯ ವಾರ ಮ್ಯಾನೇಜರು ಫೋನು ಮಾಡಿದ: "ಅಜ್ಜಾರ, ನಿಮ್ಮ ಗಾಡಿ ಬಂದೈತ್ರಿ."

ಶಾಂತವ್ವನನ್ನು ಕರೆದುಕೊಂಡು ಹೋದೆ. ಕಾರಿಗೆ ಮಾಲೆ ಹಾಕಿದ್ದರು. ಅದರ ಹಿಂದೆ ಗೋಡೆಯಗಲದ ಬ್ಯಾನರು: ಭಾರೀ ರಿಯಾಯಿತಿ, ಎರಡು ಲಕ್ಷ ಕಡಿತ! ಕೆಳಗೆ ಸಣ್ಣ ಅಕ್ಷರಗಳಲ್ಲಿ: ಇಂದಿನಿಂದ ಬುಕ್ ಮಾಡುವವರಿಗೆ ಮಾತ್ರ.

ಮ್ಯಾನೇಜರು ನನ್ನ ಕೈಗೆ ಪೇಢೆಯ ಡಬ್ಬಿ ಕೊಟ್ಟ. "ಗಿರಾಕಿನ ಇಲ್ಲಂಗ ಆತ್ರಿ ಅಜ್ಜಾರ, ಏನ್ ಮಾಡೂಣು? ಇಷ್ಟು ಬಿಡಾಕ ಬೇಕಾತು. ಯಾರ ಕೃಪಾ ಅಂತ ನನಗ ಗೊತ್ತೈತ್ರಿ."

ಮೊದಲೇ ಪೂರಾ ರೊಕ್ಕಕ್ಕೆ ಬುಕ್ ಮಾಡಿದ ನನಗೆ ಒಂದು ಪೈಸೆಯೂ ಬಿಡುವಂತಿರಲಿಲ್ಲ. ಆದರೂ ವ್ಯಾಪಾರಸ್ಥನ ತಲೆ, ಸುಮ್ಮನಿರುತ್ತದೆಯೇ? ಫೋಟೋ ತೆಗೆಯುವಾಗ ಬ್ಯಾನರಿನ ಮುಂದೆಯೇ ನಿಲ್ಲೋಣ ಎಂದೆ. ಒಂದಿಷ್ಟು ಎಡಕ್ಕೆ ಸರಿದು, ಹೊಟ್ಟೆ ಮುಂದೆ ಮಾಡಿ ನಿಂತೆ.

ಆ ಫೋಟೋ ಈಗ ನಮ್ಮ ಪಡಸಾಲೆಯಲ್ಲಿದೆ. ಬಂದವರು ಬ್ಯಾನರು ಓದಿ, "ಅಂದಂಗ ಎರಡು ಲಕ್ಷ ಬಿಡಿಸಿದ್ಯಲ್ಲೋ ಮುದುಕಾ!" ಎಂದು ಬೆನ್ನು ತಟ್ಟುತ್ತಾರೆ. ನಾನು ಹೆಂಡತಿಗೆ ಕೊಟ್ಟ ಮಾತಿನಂತೆ ಬಡಾಯಿ ಕೊಚ್ಚುವುದಿಲ್ಲ. ತುಟಿ ಬಿಚ್ಚದೆ ಮೀಸೆ ತಿರುವುತ್ತೇನೆ, ಅಷ್ಟೆ. ನಿನ್ನೆ ಚಹಾದಂಗಡಿಯ ಬಳಗವೆಲ್ಲ ಬಂದು ಫೋಟೋದ ಮುಂದೆ ನಿಂತು ನನ್ನನ್ನು ಹೊಗಳುತ್ತಿತ್ತು. ಶಾಂತವ್ವ ಎಲ್ಲರಿಗೂ ಚಹಾ ಕೊಟ್ಟು, ಕೊನೆಯ ಕಪ್ಪು ನನ್ನ ಕೈಗಿಟ್ಟು, ಅಗದಿ ಮೆತ್ತಗಿನ ದನಿಯಲ್ಲಿ ಕೇಳಿದಳು:

"ಏನ್ರೀ, ಫೋಟೋದಾಗ ನಿಮ್ಮ ಹೊಟ್ಟಿ ಹಿಂದ ಸಣ್ಣ ಅಕ್ಷರದಾಗ ಏನೋ ಬರದಂಗ ಐತೆಲ್ಲ, ಏನ್ರೀ ಅದು?"

ಬಳಗವೆಲ್ಲ ನನ್ನ ಕಡೆ ತಿರುಗಿತು. ಚಹಾ ಬಹಳ ಬಿಸಿಯಾಗಿದೆ ಎಂದು ನಾನು ಊದುತ್ತ ಕುಳಿತೆ.