ಹುಲಿಯಮ್ಮನ ಕಣ್ಣು, ನನ್ನ ಮಂಡಿ

ನಮ್ಮ ಕೊಟ್ಟಿಗೆ ಸಗಣಿ ಬಾಚುವ ಹುಲಿಯಮ್ಮನಿಗೆ ಹನ್ನೊಂದು ದಿನದ ಕೂಲಿ ಬಾಕಿ. ಇಪ್ಪತ್ತೆರಡು ರೂಪಾಯಿ. ತಡೆಹಿಡಿದವಳು ನನ್ನ ಹೆಂಡತಿ ಜಯಲಕ್ಷ್ಮಮ್ಮ. (ಎಂಬತ್ತನೇ ಇಸವಿಯಿಂದ ರೈತ ಹೋರಾಟದಲ್ಲಿ ಕೂಗಿ ಪಳಗಿದ ನನ್ನ ಗಂಟಲು ಮನೆ ಹೊಸ್ತಿಲು ದಾಟಿ ಒಳಗೆ ಬಂದರೆ ಕೆಲಸ ಮಾಡಲ್ಲ.)

ಕಾರಣ? ಎಮ್ಮೆ ಕೆಚ್ಚಲು ಮುಟ್ಟಗೊಡ್ತಿಲ್ಲ.

"ಹುಲಿಯಮ್ಮನ ಕಣ್ಣು ಬಿದ್ದೈತೆ. ಕೂಲಿ ಬೇರೆ ಕೇಡು ಅವಳಿಗೆ!"

"ನೀನು ನೋಡಿದ್ಯೇನೇ?"

"ನೋಡೋದೇನು? ಅಜ್ಜಂಪುರಕ್ಕೆಲ್ಲ ಗೊತ್ತು. ಪಾಪಮ್ಮನ ಮನೇಲಿ ಹಾಲು ಹೆಪ್ಪಾಗ್ಲಿಲ್ಲ. ಈಗ ಯಾರೂ ಅವಳನ್ನ ಕೊಟ್ಟಿಗೆಗೆ ಸೇರಿಸ್ತಿಲ್ಲ."

ಅನ್ಯಾಯ! ಅಮಲ್ದಾರ್ ಕಚೇರಿ ಮುಂದೆ ನಿಂತವನ ಹಾಗೆ ಜಗಲಿ ಮೇಲೆ ನಿಂತು ಮುಷ್ಟಿ ಎತ್ತಿದೆ.

"ನೂರು ಜನ ಅಂದ್ರೆ ಅದು ತಿಳಿದಂಗಲ್ಲ ಕಣೇ! ಒಬ್ಬ ಅಂದಿದ್ದನ್ನ ತೊಂಬತ್ತೊಂಬತ್ತು ಜನ ಹೊತ್ತು ತಿರುಗಿದ್ದು, ಅಷ್ಟೇ. ಕಣ್ಣಾರೆ ಕಂಡೋರನ್ನ ಕರಿ! ಸಾಕ್ಷಿಯಿಲ್ಲದ ಮಾತಿಗೆ ಧಿಕ್ಕಾರ!"

ಕೂಲಿ ಕೇಳಲು ಬಂದು ಬೇಲಿ ಹತ್ತಿರ ನಿಂತಿದ್ದ ಹುಲಿಯಮ್ಮ, "ನಾ ಕಂಡೀನಿ ಕಣಣ್ಣ" ಅಂದಳು.

"ಏನೇ ಕಂಡೆ?" ಅಂದಳು ನನ್ನವಳು.

"ಜಯಕ್ಕ, ನೀವು ಸಿಂಗಟಗೆರೆಗೆ ತವರಿಗೆ ಹೋಗಿದ್ರಲ್ಲ, ಆವತ್ತು ಕಾಫಿಗೆ ಹಾಲಿಲ್ಲಾಂತ ಅಣ್ಣ ಎಮ್ಮೆ ಕರೆಯೋಕೆ ಕೂತ್ರು. ಬಾವಿ ಹಗ್ಗ ಎಳ್ದಂಗೆ ಎಳುದ್ರು. ಜಾಡಿಸ್ತು ನೋಡಿ ಮಂಡಿಗೆ! ಅಣ್ಣ ಒಂದ್ಕಡೆ, ಚೊಂಬು ಒಂದ್ಕಡೆ. ಆವತ್ತಿಂದ ಅದು ಯಾರನ್ನೂ ಹತ್ರ ಬಿಡ್ತಿಲ್ಲ."

(ಓದುಗರಲ್ಲಿ ಒಂದು ಅರಿಕೆ. ಆವತ್ತೇ ಕುಂಟಿಕೊಂಡು ಕಡೂರಿನ ಮೆರವಣಿಗೆಗೆ ಹೋದೆ. ಅಲ್ಲಿ ಲಾಠಿ ಎತ್ತಿದ್ದುಂಟು, ನನಗೆ ತಾಗಿದ್ದಿಲ್ಲ. ಲಾಠಿ ಏಟು ಅಂತ ಜನ ಅಂದರು, ನಾನು ಅಲ್ಲ ಅನ್ನಲಿಲ್ಲ. ಬರುವ ಭಾನುವಾರ ತರೀಕೆರೆಯಲ್ಲಿ ಈ ವೀರಮಂಡಿಗೆ ಸನ್ಮಾನ.)

"ಅಯ್ಯೋ, ಎಂಟು ದಿನ ಬಿಸಿ ಎಣ್ಣೆ ತಿಕ್ಕಿದೀನಲ್ರೀ! ಲಾಠಿ ಏಟು ಅಂದ್ರಿ?"

"ನಾನೆಲ್ಲಿ ಅಂದೆ? ಅಜ್ಜಂಪುರಕ್ಕೆಲ್ಲ ಗೊತ್ತು..." ಅಂದವನು ನಾಲಿಗೆ ಕಚ್ಚಿಕೊಂಡೆ.

ತೀರ್ಪು ತಕ್ಷಣ ಬಂತು. "ಎಮ್ಮೆ ಕೆಡಿಸಿದೋರೇ ಕೂಲಿ ಕೊಡ್ಲಿ. ಕೊಡೋವರೆಗೂ ಸಗಣೀನೂ ಅವರೇ ಬಾಚ್ಲಿ."

ನನ್ನ ಜೇಬಿನದೆಲ್ಲ ಬಸ್ ಚಾರ್ಜಿಗೆ ಹೋಗಿದೆ. ಹಾಗಾಗಿ ಬಾಚ್ತಿದೀನಿ. ಹುಲಿಯಮ್ಮ ಜಗಲಿ ಮೇಲೆ ಕೂತು, "ಆ ಮೂಲೆ ಬಿಟ್ರಿ ಕಣಣ್ಣ" ಅಂತಾಳೆ. ಊರಲ್ಲಿ ನೆಟ್ಟಗೆ ನೋಡೋ ಕಣ್ಣು ಅದೊಂದೇ. ತರೀಕೆರೆಯವರಿಗೆ, ಹಾರ ಬೇಡ, ಮೈಕು ಕೊಡಿ, ಒದ್ದದ್ದು ಎಮ್ಮೆ ಅಂತ ನಾನೇ ಹೇಳ್ತೀನಿ ಅಂತ ಹೇಳಿ ಕಳಿಸಿದೀನಿ.

ನಗಬೇಡಿ. ನಿಮ್ಮ ಬೀದೀಲೂ ಒಬ್ಬಳು ಹುಲಿಯಮ್ಮ ಇದ್ದಾಳೆ. ಅವಳ ಕಣ್ಣು ಕೆಟ್ಟದ್ದು ಅಂತ ನಿಮಗೆ ಗೊತ್ತು. ಯಾವತ್ತು, ಏನು ಕಂಡಿರಿ? ಹೇಳಿ. ಹೇಳೋಕಾಗದಿದ್ರೆ ನಾಳೆ ಬೆಳಿಗ್ಗೆ ಅವಳನ್ನ ಕೆಲಸಕ್ಕೆ ಕರೀರಿ. ಕೂಲಿ ಅವತ್ತಿಂದು ಅವತ್ತೇ ಕೊಡಿ.